ಹತ್ತು ಸಾವಿರಕ್ಕೆ ಎಂಟು

(ಮಹಿಳಾ ಆರೋಗ್ಯ ಕುರಿತ ದತ್ತಿ ಉಪನ್ಯಾಸದ ಮುದ್ರಿತ ರೂಪ)



ನಾನು ಡಾಕ್ಟರಲ್ಲ. ಡಿಗ್ರಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು. ಮುಟ್ಟು ನಿಲ್ಲುವ ಕಾಲದ ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಮಾತಾಡಲು ಲೆಕ್ಕದ ಮೇಷ್ಟರನ್ನು ಯಾಕೆ ಕರೆದರು ಎಂದು ನಿಮಗೆ ಅನ್ನಿಸಿರಬಹುದು. ಯಾವ ಮಾತ್ರೆ ತಗೊಳ್ಳಿ ಎಂದು ನಾನು ಹೇಳುವುದಿಲ್ಲ. ಮಾತ್ರೆ ಬರೆದುಕೊಡುವವರನ್ನು ಅಳೆಯುವುದು ಹೇಗೆ, ಅವರು ಹೇಳುವ ಅಪಾಯದಲ್ಲಿ ನಮ್ಮ ಪಾಲೆಷ್ಟು ಎಂದು ತಿಳಿಯುವುದು ಹೇಗೆ, ಇವೆರಡೇ ನನ್ನ ವಿಷಯ.

ನಮ್ಮೂರುಗಳಲ್ಲಿ ಡಾಕ್ಟರನ್ನು ಅಳೆಯುವ ಮಾಪಕ ಹಳೆಯದು. ಕೈಗುಣ ನೋಡುತ್ತೇವೆ. ಹೊರಗೆ ರಶ್ಶು ಎಷ್ಟಿದೆ ನೋಡುತ್ತೇವೆ. ಬೋರ್ಡಿನ ಮೇಲೆ ಹೆಸರಿನ ಮುಂದೆ ಅಕ್ಷರಗಳೆಷ್ಟು, ಫಾರಿನ್ನಿಗೆ ಹೋಗಿ ಬಂದಿದ್ದಾರಾ ಎಂದು ವಿಚಾರಿಸುತ್ತೇವೆ. ಜ್ವರಕ್ಕೆ, ಭೇದಿಗೆ, ಮುರಿದ ಕೈಗೆ ಈ ಮಾಪಕ ಅಷ್ಟೇನೂ ಕೆಟ್ಟದ್ದಲ್ಲ. ಔಷಧಿ ಕೊಟ್ಟ ಮೂರನೇ ದಿನಕ್ಕೆ ಫಲ ಕಾಣುತ್ತದೆ, ಊರಿಗೆಲ್ಲ ಗೊತ್ತಾಗುತ್ತದೆ, ಕೈಗುಣ ಇದ್ದವರಿಗೆ ಹೆಸರು ಬರುತ್ತದೆ.

ಹಾರ್ಮೋನಿನ ಲೆಕ್ಕ ಬೇರೆ. ಮೈಯೆಲ್ಲ ಝಳ ಹೊಡೆದು, ರಾತ್ರಿ ಬೆವರಿ ಎದ್ದು ಕೂರುವ ಹೆಣ್ಣಿಗೆ ಈಸ್ಟ್ರೋಜನ್ ಎಂಬ ಹಾರ್ಮೋನು ಕೊಟ್ಟರೆ ಕೆಲವೇ ವಾರಗಳಲ್ಲಿ ಹಾಯೆನಿಸುತ್ತದೆ. ಒಳ್ಳೆಯದು ಬೇಗ ಕಣ್ಣಿಗೆ ಬೀಳುತ್ತದೆ. ಕೆಟ್ಟದ್ದು ಬರುವುದಾದರೆ ಐದು ವರ್ಷಕ್ಕೋ ಹತ್ತು ವರ್ಷಕ್ಕೋ, ಅದೂ ಸಾವಿರಾರು ಜನರಲ್ಲಿ ಕೆಲವರಿಗೆ. ಬಂದವಳಿಗೂ ಅದು ಮಾತ್ರೆಯಿಂದಲೇ ಬಂತೋ ಹೇಗಿದ್ದರೂ ಬರುವುದಿತ್ತೋ ಎಂದು ಯಾರೂ ಬೆರಳಿಟ್ಟು ತೋರಿಸಲಾರರು. ಬರೆದುಕೊಟ್ಟ ಡಾಕ್ಟರಿಗೂ ಗೊತ್ತಾಗುವುದಿಲ್ಲ. ನನ್ನ ಮಾತಿನ ತಿರುಳು ಇಲ್ಲಿದೆ: ಹಾರ್ಮೋನಿನ ವಿಷಯದಲ್ಲಿ ಡಾಕ್ಟರ ಸ್ವಂತ ಅನುಭವಕ್ಕೆ ನಾವು ಕೊಡುವ ಬೆಲೆ ಜಾಸ್ತಿಯಾಯಿತು. ಬೇರೆಯವರು ಮಾಡಿದ ಎಣಿಕೆಯನ್ನು ಅವರು ಹೇಗೆ ಓದುತ್ತಾರೆ, ಅದನ್ನು ಎದುರು ಕೂತ ಒಬ್ಬಳಿಗೆ ಹೇಗೆ ಹೊಂದಿಸುತ್ತಾರೆ ಎಂಬುದನ್ನು ನೋಡಬೇಕು.

ಹಾಗಾದರೆ ಡಾಕ್ಟರುಗಳು ಎಣಿಕೆಯನ್ನು ಹೇಗೆ ಓದುತ್ತಾರೆ? ಜರ್ಮನಿಯ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗರೆಂಜರ್ ಇದನ್ನೇ ಪರೀಕ್ಷಿಸಿದರು. ಸುಮಾರು 160 ಮಂದಿ ಸ್ತ್ರೀರೋಗ ತಜ್ಞರ ಮುಂದೆ ಒಂದು ಪ್ರಶ್ನೆ ಇಟ್ಟರು. ಹೆಂಗಸರಲ್ಲಿ ನೂರಕ್ಕೆ ಒಬ್ಬಳಿಗೆ ಸ್ತನ ಕ್ಯಾನ್ಸರ್ ಇದೆ. ಇರುವವರಲ್ಲಿ ನೂರಕ್ಕೆ 90 ಮಂದಿಯನ್ನು ಮ್ಯಾಮೊಗ್ರಾಂ ಹಿಡಿಯುತ್ತದೆ. ಇಲ್ಲದವರಲ್ಲೂ ನೂರಕ್ಕೆ 9 ಮಂದಿಗೆ 'ಇದೆ' ಎಂದು ತಪ್ಪಾಗಿ ತೋರಿಸುತ್ತದೆ. ಈಗ ಒಬ್ಬಳ ವರದಿ ಪಾಸಿಟಿವ್ ಬಂದಿದೆ. ಅವಳಿಗೆ ನಿಜಕ್ಕೂ ಕ್ಯಾನ್ಸರ್ ಇರುವ ಸಂಭವ ಎಷ್ಟು? ಉತ್ತರಕ್ಕೆ ನಾಲ್ಕು ಆಯ್ಕೆ ಕೊಟ್ಟಿದ್ದರು. ಹೆಚ್ಚಿನವರು ನೂರಕ್ಕೆ 80, 90 ಎಂದರು. ಸಾವಿರ ಹೆಂಗಸರನ್ನು ಸಾಲಾಗಿ ನಿಲ್ಲಿಸಿಕೊಂಡು ಎಣಿಸಿ ನೋಡಿ. ಹತ್ತು ಮಂದಿಗೆ ರೋಗ ಇದೆ, ಅವರಲ್ಲಿ 9 ಮಂದಿ ಪಾಸಿಟಿವ್. ಉಳಿದ 990ರಲ್ಲಿ ಸುಮಾರು 89 ಮಂದಿಯೂ ಪಾಸಿಟಿವ್. ಅಂದರೆ ಪಾಸಿಟಿವ್ ಬಂದ 98 ಮಂದಿಯಲ್ಲಿ ರೋಗ ಇರುವುದು 9 ಮಂದಿಗೆ, ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬಳಿಗೆ. ಸರಿಯುತ್ತರ ಕೊಟ್ಟ ತಜ್ಞರು ನೂರಕ್ಕೆ 21. ನಾಲ್ಕು ಆಯ್ಕೆಯಲ್ಲಿ ಕಣ್ಣು ಮುಚ್ಚಿ ಒಂದನ್ನು ಗುರುತು ಹಾಕಿದ್ದರೂ 25 ಬರುತ್ತಿತ್ತು! ನನ್ನ ವಿದ್ಯಾರ್ಥಿಗಳನ್ನು ಇದಕ್ಕಾಗಿಯೇ ಫೇಲು ಮಾಡಿದ್ದೇನೆ. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಶೇಕಡಾ ಬಿಟ್ಟು ತಲೆ ಎಣಿಸುವುದನ್ನು ಸ್ವಲ್ಪ ಹೊತ್ತು ಕಲಿಸಿದ ಮೇಲೆ ಅದೇ ತಜ್ಞರಲ್ಲಿ ನೂರಕ್ಕೆ 87 ಮಂದಿ ಸರಿಯಾಗಿ ಹೇಳಿದರು. ಅವರು ಬುದ್ಧಿಯಿಲ್ಲದವರಲ್ಲ. ವೈದ್ಯಕೀಯ ಕಾಲೇಜಿನಲ್ಲಿ ಯಾರೂ ಅವರಿಗೆ ಹೀಗೆ ಎಣಿಸಲು ಕಲಿಸಿರಲಿಲ್ಲ ಅಷ್ಟೆ.

ಈ ಹಿನ್ನೆಲೆ ಇಟ್ಟುಕೊಂಡು ಹಾರ್ಮೋನಿನ ಚರಿತ್ರೆಗೆ ಬರೋಣ. ಅಮೆರಿಕದಲ್ಲಿ 1942ರಲ್ಲಿ ಪ್ರೆಮರಿನ್ ಎಂಬ ಮಾತ್ರೆ ಮಾರಾಟಕ್ಕೆ ಬಂತು. ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಅದು. 1966ರಲ್ಲಿ ನ್ಯೂಯಾರ್ಕಿನ ಸ್ತ್ರೀರೋಗ ತಜ್ಞ ರಾಬರ್ಟ್ ವಿಲ್ಸನ್ ಒಂದು ಪುಸ್ತಕ ಬರೆದ. ಮುಟ್ಟು ನಿಲ್ಲುವುದೇ ಒಂದು ಕಾಯಿಲೆ, ಈಸ್ಟ್ರೋಜನ್ ಕೊರತೆಯ ಕಾಯಿಲೆ, ಮಾತ್ರೆ ನುಂಗಿದರೆ ಹೆಣ್ಣು ಎಂದೆಂದಿಗೂ ಹೆಣ್ಣಾಗಿ ಉಳಿಯುತ್ತಾಳೆ ಎಂಬುದು ಅದರ ವಾದ. ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು. ಬರೆಯುವ ವೆಚ್ಚವನ್ನು ಮಾತ್ರೆ ತಯಾರಿಸುವ ವೈಯತ್ ಕಂಪನಿಯೇ ಭರಿಸಿತ್ತೆಂದು ವಿಲ್ಸನ್ನನ ಮಗ ಹೇಳಿದ್ದು 2002ರಲ್ಲಿ. ಅಷ್ಟರೊಳಗೆ ಎರಡು ತಲೆಮಾರಿನ ಹೆಂಗಸರು ಮಾತ್ರೆ ನುಂಗಿಯಾಗಿತ್ತು. 1975ರಲ್ಲಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಅಧ್ಯಯನಗಳು ಬಂದವು. ಗರ್ಭಕೋಶ ಇರುವ ಹೆಣ್ಣಿಗೆ ಬರೀ ಈಸ್ಟ್ರೋಜನ್ ಕೊಟ್ಟರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹಲವು ಪಟ್ಟು ಏರುತ್ತದೆ ಎಂದು ಎರಡೂ ಹೇಳಿದವು. ಪ್ರೊಜೆಸ್ಟರಾನ್ ಬಗೆಯ ಇನ್ನೊಂದು ಹಾರ್ಮೋನನ್ನು ಜೊತೆಗೆ ಕೊಟ್ಟರೆ ಆ ಪದರ ಬೆಳೆಯದಂತೆ ತಡೆಯಬಹುದು ಎಂದಾದ ಮೇಲೆ ವ್ಯಾಪಾರ ಮತ್ತೆ ಕುದುರಿತು.

ಆಮೇಲೆ ಬಂದದ್ದು ದೊಡ್ಡ ಆಸೆ. ಅಮೆರಿಕದ ಒಂದು ಲಕ್ಷಕ್ಕೂ ಹೆಚ್ಚು ನರ್ಸ್‌ಗಳನ್ನು 1976ರಿಂದ ಹಿಂಬಾಲಿಸುತ್ತಾ ಬಂದ ಅಧ್ಯಯನ ಒಂದಿದೆ. ಈಸ್ಟ್ರೋಜನ್ ತಗೊಳ್ಳುವ ನರ್ಸ್‌ಗಳಲ್ಲಿ ಹೃದಯದ ಕಾಯಿಲೆ ಹೆಚ್ಚುಕಡಿಮೆ ಅರ್ಧ ಎಂದು ಅದು 1985 ಮತ್ತು 1991ರಲ್ಲಿ ವರದಿ ಮಾಡಿತು. ಡಾಕ್ಟರುಗಳು ಝಳಕ್ಕಾಗಿ ಅಲ್ಲ, ಹೃದಯಕ್ಕಾಗಿಯೇ ಮಾತ್ರೆ ಬರೆಯತೊಡಗಿದರು. ನನ್ನಂಥವರು ಇಂಥ ಕಡೆ ತಕ್ಷಣ ಕೇಳುವ ಪ್ರಶ್ನೆ ಒಂದಿದೆ: ಮಾತ್ರೆ ತಗೊಂಡವರು ಯಾರು? ಓದಿದವರು, ಕೈಯಲ್ಲಿ ನಾಲ್ಕು ಕಾಸಿದ್ದವರು, ತೂಕ ನೋಡಿಕೊಳ್ಳುವವರು, ವರ್ಷಕ್ಕೊಮ್ಮೆ ಡಾಕ್ಟರ ಬಾಗಿಲಿಗೆ ಹೋಗುವವರು. ಇವರ ಹೃದಯ ಮಾತ್ರೆಯಿಲ್ಲದೆಯೂ ಗಟ್ಟಿಯಿರುವುದು ಸಹಜ. ಇದನ್ನು ಬಿಡಿಸಲು ಒಂದೇ ದಾರಿ, ಚೀಟಿ ಎತ್ತಿ ಅರ್ಧ ಜನಕ್ಕೆ ಮಾತ್ರೆ, ಅರ್ಧ ಜನಕ್ಕೆ ನೋಡಲು ಹಾಗೇ ಇರುವ ಹುಸಿ ಮಾತ್ರೆ ಕೊಡುವುದು. 1998ರಲ್ಲಿ ಈಗಾಗಲೇ ಹೃದ್ರೋಗ ಇದ್ದ 2,763 ಹೆಂಗಸರಲ್ಲಿ ಹಾಗೆ ಮಾಡಿದ ಪ್ರಯೋಗದ ಫಲ ಬಂತು. ಒಟ್ಟಾರೆ ಪ್ರಯೋಜನವಿಲ್ಲ, ಮೊದಲ ವರ್ಷದಲ್ಲಂತೂ ಹೃದಯಾಘಾತ ಹೆಚ್ಚೇ ಇತ್ತು. ಬಹುಪಾಲು ಡಾಕ್ಟರುಗಳು ಬರೆಯುವುದನ್ನು ನಿಲ್ಲಿಸಲಿಲ್ಲ.

ನಿಲ್ಲಿಸಿದ್ದು 2002ರ ಜುಲೈಯಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಬರ್ನಡೀನ್ ಹೀಲಿ ಮೊದಲ ಮಹಿಳಾ ನಿರ್ದೇಶಕಿಯಾಗಿದ್ದಾಗ, 1991ರಲ್ಲಿ, ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ಬೃಹತ್ ಯೋಜನೆ ಹುಟ್ಟಿತ್ತು. ಅದರ ಒಂದು ಪ್ರಯೋಗದಲ್ಲಿ ಗರ್ಭಕೋಶ ಇರುವ 16,608 ಹೆಂಗಸರಿಗೆ ಎರಡು ಹಾರ್ಮೋನು ಸೇರಿದ ಮಾತ್ರೆ ಅಥವಾ ಹುಸಿ ಮಾತ್ರೆ ಕೊಟ್ಟಿದ್ದರು. ಸರಾಸರಿ 5.2 ವರ್ಷಕ್ಕೆ, ಅವಧಿಗೆ ಮೊದಲೇ ಅದನ್ನು ನಿಲ್ಲಿಸಬೇಕಾಯಿತು. ಪತ್ರಿಕೆಗಳಲ್ಲಿ ಬಂದದ್ದು: ಸ್ತನ ಕ್ಯಾನ್ಸರ್ ಶೇ. 26 ಹೆಚ್ಚು, ಹೃದ್ರೋಗ ಶೇ. 29 ಹೆಚ್ಚು, ಪಾರ್ಶ್ವವಾಯು ಶೇ. 41 ಹೆಚ್ಚು, ಶ್ವಾಸಕೋಶಕ್ಕೆ ಹೋಗಿ ಕೂರುವ ರಕ್ತಗಂಟು ಎರಡು ಪಟ್ಟಿಗಿಂತ ಹೆಚ್ಚು. ಅಮೆರಿಕದ ಎಷ್ಟೋ ಹೆಂಗಸರು ಮಾತ್ರೆ ಡಬ್ಬಿಗಳನ್ನು ಕಸದ ಬುಟ್ಟಿಗೆ ಹಾಕಿದರು. ಹೆದರಿಕೆ ಬೆಂಗಳೂರಿಗೂ ಬಂತು, ನಮ್ಮ ತಾಲ್ಲೂಕು ಕೇಂದ್ರಗಳಿಗೂ ಬಂತು.

ಈಗ ಅದೇ ಅಂಕಿಗಳನ್ನು ತಲೆ ಎಣಿಸಿ ಓದೋಣ. ಹತ್ತು ಸಾವಿರ ಹೆಂಗಸರು ಒಂದು ವರ್ಷ ಹುಸಿ ಮಾತ್ರೆ ತಗೊಂಡರೆ 30 ಮಂದಿಗೆ ಸ್ತನ ಕ್ಯಾನ್ಸರ್ ಬಂತು. ನಿಜವಾದ ಮಾತ್ರೆ ತಗೊಂಡವರಲ್ಲಿ 38. ಹೆಚ್ಚಾದದ್ದು ಎಂಟು. ಹೃದ್ರೋಗ 30ರಿಂದ 37ಕ್ಕೆ, ಪಾರ್ಶ್ವವಾಯು 21ರಿಂದ 29ಕ್ಕೆ, ಶ್ವಾಸಕೋಶದ ರಕ್ತಗಂಟು 8ರಿಂದ 16ಕ್ಕೆ ಏರಿತು. ಇನ್ನೊಂದು ಕಡೆ ಸೊಂಟದ ಮೂಳೆ ಮುರಿತ 15ರಿಂದ 10ಕ್ಕೆ, ದೊಡ್ಡ ಕರುಳಿನ ಕ್ಯಾನ್ಸರ್ 16ರಿಂದ 10ಕ್ಕೆ ಇಳಿಯಿತು. ಶೇ. 26 ಎಂದರೂ ಸುಳ್ಳಲ್ಲ, ಹತ್ತು ಸಾವಿರಕ್ಕೆ ಎಂಟು ಎಂದರೂ ಸುಳ್ಳಲ್ಲ. ಎರಡನ್ನೂ ಹೇಳದೆ ಒಂದನ್ನೇ ಹೇಳುವವರು ನಿಮ್ಮನ್ನು ಎತ್ತಲೋ ತಳ್ಳುತ್ತಿದ್ದಾರೆ ಎಂದು ತಿಳಿಯಿರಿ. ಮಾತ್ರೆ ಮಾರುವವರು ಒಳ್ಳೆಯದನ್ನು ಶೇಕಡಾದಲ್ಲೂ ಕೆಟ್ಟದ್ದನ್ನು ಹತ್ತು ಸಾವಿರದ ಲೆಕ್ಕದಲ್ಲೂ ಹೇಳುತ್ತಾರೆ. ಹೆದರಿಸುವವರು ಅದನ್ನೇ ತಿರುಗಿಸಿ ಹೇಳುತ್ತಾರೆ.

ಎಂಟನ್ನು ಸಣ್ಣದು ಎಂದು ತಳ್ಳಿಹಾಕಲು ನಾನು ಇಲ್ಲಿ ನಿಂತಿಲ್ಲ. ಅದು ಒಂದು ವರ್ಷದ ಲೆಕ್ಕ, ವರ್ಷಗಳು ಕೂಡುತ್ತಾ ಹೋಗುತ್ತವೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ಲೆಕ್ಕ ಬಂತು. ಪಾಶ್ಚಾತ್ಯ ದೇಶಗಳ ಹೆಂಗಸರು 50ಕ್ಕೆ ಶುರುಮಾಡಿ ಐದು ವರ್ಷ ಎರಡೂ ಹಾರ್ಮೋನನ್ನು ದಿನವೂ ತಗೊಂಡರೆ, 50ರಿಂದ 69ರೊಳಗೆ 50 ಮಂದಿಯಲ್ಲಿ ಒಬ್ಬಳಿಗೆ ಹೆಚ್ಚುವರಿಯಾಗಿ ಸ್ತನ ಕ್ಯಾನ್ಸರ್ ಬರುತ್ತದೆ. ಬರೀ ಈಸ್ಟ್ರೋಜನ್ ಆದರೆ 200ರಲ್ಲಿ ಒಬ್ಬಳಿಗೆ. ಐವತ್ತರಲ್ಲೊಬ್ಬಳು ಎಂದರೆ ಈ ಸಭಾಂಗಣದ ಮುಂದಿನ ಐದಾರು ಸಾಲಿನಲ್ಲಿ ಒಬ್ಬಳು.

ಇಷ್ಟು ಅಂಕಿ ಹೇಳಿದ್ದು ಯಾಕೆಂದರೆ ಅನುಭವದ ಮಾತಿಗೆ ಮರಳಬೇಕಿದೆ. 'ನನ್ನ ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಒಬ್ಬರಿಗೂ ಏನೂ ಆಗಿಲ್ಲಮ್ಮ' ಎಂದು ಡಾಕ್ಟರು ಹೇಳುತ್ತಾರೆ. ಅವರ ಹತ್ತಿರ 500 ಮಂದಿ ಮಾತ್ರೆ ತಗೊಳ್ಳುತ್ತಿದ್ದಾರೆ ಎಂದಿಟ್ಟುಕೊಳ್ಳಿ, ಅದು ದೊಡ್ಡ ಸಂಖ್ಯೆಯೇ. 2002ರ ಪ್ರಯೋಗದ ಲೆಕ್ಕದಲ್ಲಿ ಹೆಚ್ಚುವರಿ ಸ್ತನ ಕ್ಯಾನ್ಸರ್ ಎರಡೂವರೆ ವರ್ಷಕ್ಕೆ ಒಂದು. ಅದೇ ಅವಧಿಯಲ್ಲಿ ಮಾತ್ರೆಯಿಲ್ಲದೆಯೂ ನಾಲ್ಕು ಕೇಸು ಬರುತ್ತಿದ್ದವು. ನಾಲ್ಕು ಬರುವಲ್ಲಿ ಐದು ಬಂತೆಂದು ಯಾವ ಡಾಕ್ಟರ ಕಣ್ಣಿಗೆ ಬೀಳುತ್ತದೆ? ಇನ್ನು ಆ ಐದರಲ್ಲಿ ಎಷ್ಟೋ ಮಂದಿ ಅವರ ಹತ್ತಿರ ವಾಪಸು ಬರದೆ ನೇರವಾಗಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿರುತ್ತಾರೆ. ಆ ಡಾಕ್ಟರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಕಾಣುವುದೇ ಅಷ್ಟು.

ಮುಂದಿನ ತಿರುವು 2002ರ ಗದ್ದಲದಲ್ಲಿ ಯಾರೂ ಗಮನಿಸದೆ ಹೋದದ್ದು. ಆ 16,608 ಹೆಂಗಸರ ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತು ಹನ್ನೆರಡು ವರ್ಷವಾದವರು. ಮುಕ್ಕಾಲಿಗೂ ಮಿಕ್ಕಿ ಬಿಳಿಯರು. ಅರ್ಧದಷ್ಟು ಮಂದಿ ಒಂದಲ್ಲ ಒಂದು ಕಾಲಕ್ಕೆ ಸಿಗರೇಟು ಸೇದಿದವರು. ಝಳದಿಂದ ನಿದ್ದೆ ಕೆಟ್ಟು ಚಿಕಿತ್ಸೆ ಕೇಳಿ ಬರುವ 48ರ, 50ರ ಹೆಂಗಸರ ಪ್ರತಿನಿಧಿಗಳಲ್ಲ. ಗರ್ಭಕೋಶ ತೆಗೆಸಿದ 10,739 ಮಂದಿಗೆ ಬರೀ ಈಸ್ಟ್ರೋಜನ್ ಕೊಟ್ಟ ಇನ್ನೊಂದು ಪ್ರಯೋಗ 2004ರಲ್ಲಿ ನಿಂತಿತು. ಅಲ್ಲೂ ಪಾರ್ಶ್ವವಾಯು ಏರಿತ್ತು, ಆದರೆ ಸ್ತನ ಕ್ಯಾನ್ಸರ್ ಏರಿರಲಿಲ್ಲ, ದೀರ್ಘಕಾಲ ಹಿಂಬಾಲಿಸಿದಾಗ ಕಡಿಮೆಯೇ ಕಂಡಿತು. ಲ್ಯಾನ್ಸೆಟ್ ಲೆಕ್ಕಕ್ಕೂ ಇದಕ್ಕೂ ತಾಳೆಯಾಗುವುದಿಲ್ಲ ಎಂದು ನೀವು ಗಮನಿಸಿದ್ದರೆ ಸಂತೋಷ. ತಜ್ಞರಲ್ಲಿ ಆ ಜಗಳ ಇನ್ನೂ ಮುಗಿದಿಲ್ಲ. ಈ ಎರಡೂ ಪ್ರಯೋಗಗಳ 18 ವರ್ಷದ ಲೆಕ್ಕ 2017ರಲ್ಲಿ ಬಂದಾಗ, ಒಟ್ಟು ಸಾವಿನಲ್ಲಿ ಮಾತ್ರೆ ತಗೊಂಡವರಿಗೂ ತಗೊಳ್ಳದವರಿಗೂ ವ್ಯತ್ಯಾಸ ಸಿಗಲಿಲ್ಲ. 50ರ ಆಸುಪಾಸಿನಲ್ಲಿ ಶುರುಮಾಡಿದವರಿಗೂ 65 ದಾಟಿ ಶುರುಮಾಡಿದವರಿಗೂ ಹೃದಯದ ಅಪಾಯ ಒಂದೇ ಅಲ್ಲ ಎಂಬುದು ಈಗ ಬಹುಮಟ್ಟಿಗೆ ಒಪ್ಪಿತ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಿಗಳ ಮೇಲಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಯ ಬಹುಭಾಗವನ್ನು ತೆಗೆಸುವುದಾಗಿ ಪ್ರಕಟಿಸಿದೆ.

ಆದರೆ ಇಷ್ಟರಲ್ಲಿ ಒಂದು ತಲೆಮಾರಿನ ಡಾಕ್ಟರುಗಳು ಹೆದರಿಕೆಯಲ್ಲೇ ಓದಿ ಹೊರಬಂದಿದ್ದರು. ಅಮೆರಿಕದ ಕಿರಿಯ ವೈದ್ಯರನ್ನು ಕೇಳಿದ ಸಮೀಕ್ಷೆಯೊಂದು 2019ರಲ್ಲಿ ಪ್ರಕಟವಾಯಿತು. ಮುಟ್ಟು ನಿಲ್ಲುವ ಹೆಂಗಸರನ್ನು ನೋಡಿಕೊಳ್ಳಲು ತಾವು ಸಾಕಷ್ಟು ಸಿದ್ಧರಾಗಿದ್ದೇವೆ ಎಂದವರು ಅವರಲ್ಲಿ ನೂರಕ್ಕೆ ಏಳು ಮಂದಿಗಿಂತ ಕಡಿಮೆ. ಐವರಲ್ಲಿ ಒಬ್ಬರು ಇದರ ಬಗ್ಗೆ ಒಂದು ಪಾಠವನ್ನೂ ಕೇಳಿರಲಿಲ್ಲ. ವಿಲ್ಸನ್ ಎಲ್ಲರಿಗೂ ಕೊಟ್ಟ, 2002ರ ಮಕ್ಕಳು ಯಾರಿಗೂ ಕೊಡುವುದಿಲ್ಲ. ಇಬ್ಬರೂ ಎದುರಿಗೆ ಕೂತವಳನ್ನು ನೋಡುತ್ತಿಲ್ಲ.

ನನಗೆ ಮುಟ್ಟು ನಿಂತ ಕಾಲಕ್ಕೆ ನಾನೂ ಇಬ್ಬರ ಹತ್ತಿರ ಹೋಗಿದ್ದೆ. ಮೊದಲನೆಯವರು ಹೆಸರಾಂತರು. ನಾನು ಹಾರ್ಮೋನು ಎನ್ನುತ್ತಿದ್ದಂತೆ, 'ಕ್ಯಾನ್ಸರ್ ಬರಿಸಿಕೊಳ್ಳಬೇಕಾ ಮೇಡಂ? ಯೋಗ ಮಾಡಿ' ಎಂದು ಬೆಲ್ ಒತ್ತಿ ಮುಂದಿನವರನ್ನು ಕರೆದರು. ಎರಡನೆಯಾಕೆ ಸಣ್ಣ ಕ್ಲಿನಿಕ್ಕಿನ ಹುಡುಗಿ, ನನ್ನ ಹಳೆ ವಿದ್ಯಾರ್ಥಿನಿಯರ ವಯಸ್ಸಿನವಳು. ಉತ್ತರ ಹೇಳುವ ಮೊದಲು ಬರೀ ಪ್ರಶ್ನೆ ಕೇಳಿದಳು. ಅಮ್ಮನಿಗೆ, ಅಕ್ಕತಂಗಿಯರಿಗೆ ಸ್ತನದಲ್ಲಿ ಗಂಟು ಬಂದಿತ್ತಾ? ಅಮ್ಮ ಬಿದ್ದು ಸೊಂಟ ಮುರಿದುಕೊಂಡಿದ್ದರಾ? ಹೆರಿಗೆಯ ನಂತರ ಕಾಲು ಊದಿ ರಕ್ತ ಹೆಪ್ಪುಗಟ್ಟಿತ್ತಾ? ಬಿಪಿ, ಶುಗರ್, ತಲೆನೋವು? ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡಿತ್ತಾ? ಕೊನೆಗೆ, 'ಆಂಟಿ, ಈ ತೊಂದರೆ ನಿಮ್ಮ ಯಾವ ಕೆಲಸಕ್ಕೆ ಅಡ್ಡ ಬರುತ್ತಿದೆ?' ಎಂದಳು. ಅದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಕೊನೆಗೆ ನಾನು ಮಾತ್ರೆ ತಗೊಂಡೆನೋ ಬಿಟ್ಟೆನೋ ಹೇಳುವುದಿಲ್ಲ, ಹೇಳಿದರೆ ನಾಳೆ ನಿಮ್ಮಲ್ಲಿ ಕೆಲವರು ಅದನ್ನೇ ಮಾಡುತ್ತೀರಿ.

ಒಳ್ಳೆಯ ಡಾಕ್ಟರನ್ನು ಗುರುತಿಸುವುದು ಉತ್ತರಕ್ಕಿಂತ ಪ್ರಶ್ನೆಗಳಿಂದ ಸುಲಭ. ಉತ್ತರ ಸರಿಯೋ ತಪ್ಪೋ ನಮಗೆ ತಿಳಿಯದು, ನಮ್ಮನ್ನು ಕೇಳಿದರೋ ಇಲ್ಲವೋ ಎಂಬುದು ತಿಳಿಯುತ್ತದೆ. ಸ್ತನ ಕ್ಯಾನ್ಸರ್ ಆದವಳಿಗೆ, ರಕ್ತ ಹೆಪ್ಪುಗಟ್ಟಿದ್ದವಳಿಗೆ, ಪಾರ್ಶ್ವವಾಯು ಹೊಡೆದವಳಿಗೆ, ಲಿವರಿನ ಕಾಯಿಲೆ ಇರುವವಳಿಗೆ, ಕಾರಣ ಗೊತ್ತಿಲ್ಲದೆ ರಕ್ತ ಹೋಗುತ್ತಿರುವವಳಿಗೆ ಈ ಮಾತ್ರೆ ಸಾಮಾನ್ಯವಾಗಿ ಕೊಡುವಂತಿಲ್ಲ. ಇವನ್ನು ಕೇಳದೆ ಚೀಟಿ ಬರೆದವರ ಹತ್ತಿರ ಎರಡನೇ ಸಲ ಹೋಗಬೇಡಿ. ಗರ್ಭಕೋಶ ಇದೆಯೇ ಎಂದು ಕೇಳದೆ ಬರೀ ಈಸ್ಟ್ರೋಜನ್ ಬರೆದರೆ 1975ಕ್ಕೆ ಹಿಂದಿನ ಡಾಕ್ಟರು ಎಂದೇ ತಿಳಿಯಿರಿ. ನುಂಗುವ ಈಸ್ಟ್ರೋಜನ್ ಮೊದಲು ಲಿವರಿಗೆ ಹೋಗಿ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಏರಿಸುತ್ತದೆ. ಚರ್ಮಕ್ಕೆ ಹಚ್ಚುವ ಜೆಲ್ ಆ ದಾರಿ ಹಿಡಿಯುವುದಿಲ್ಲ, ಅದರಿಂದ ರಕ್ತಗಂಟಿನ ಅಪಾಯ ಏರಿದ್ದು ಫ್ರಾನ್ಸಿನ ಅಧ್ಯಯನಗಳಲ್ಲಿ ಕಾಣಲಿಲ್ಲ. ದಪ್ಪ ಮೈಯವರಿಗೆ, ಬಿಪಿ ಇರುವವರಿಗೆ ಈ ವ್ಯತ್ಯಾಸ ಮುಖ್ಯ. 'ಮಾತ್ರೆಯೋ ಜೆಲ್ಲೋ, ಯಾಕೆ?' ಎಂದು ಕೇಳಿ ನೋಡಿ. ಉತ್ತರ ಬರಲಿ ಬಿಡಲಿ, ಮುಖ ನೋಡಿ.

ಬರೆದುಕೊಡದ ಟೆಸ್ಟಿನಿಂದಲೂ ಡಾಕ್ಟರ ಜಾಣ್ಮೆ ಅಳೆಯಬಹುದು. 45 ದಾಟಿದ ಹೆಣ್ಣಿಗೆ ಮುಟ್ಟು ಏರುಪೇರಾಗಿ ಝಳ ಶುರುವಾದರೆ, ಇದು ಋತುಬಂಧವೇ ಎಂದು ತಿಳಿಯಲು ರಕ್ತದಲ್ಲಿ ಎಫ್‌ಎಸ್‌ಎಚ್ ಎಂಬ ಹಾರ್ಮೋನು ಅಳೆಯಬೇಕಾಗಿಲ್ಲ ಎಂದು, ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2015ರಲ್ಲೇ ಹೇಳಿದೆ. ಆ ಹಂತದಲ್ಲಿ ಹಾರ್ಮೋನು ದಿನದಿಂದ ದಿನಕ್ಕೆ ಹೊಯ್ದಾಡುತ್ತದೆ, ಇವತ್ತಿನ ಅಂಕಿ ನಾಳೆ ಇರುವುದಿಲ್ಲ. ಆದರೂ ನಮ್ಮ ಲ್ಯಾಬುಗಳಲ್ಲಿ 'ಹಾರ್ಮೋನ್ ಪ್ಯಾಕೇಜ್' ಭರ್ಜರಿಯಾಗಿ ಮಾರಾಟವಾಗುತ್ತದೆ.

ಇನ್ನು ಅಪಾಯ ತೂಗುವ ಮಾತು. ಅಮೆರಿಕದ ಅಂಕಿ ತಂದು ನಮ್ಮ ತಕ್ಕಡಿಗೆ ಹಾಕುವಾಗ ಕಲ್ಲು ಬದಲಾಗುತ್ತದೆ. ದೇಶದ ಮೊದಲ ಕ್ಯಾನ್ಸರ್ ನೋಂದಣಿ ಕೇಂದ್ರಗಳಲ್ಲಿ ಒಂದು ಬೆಂಗಳೂರಿನದು, 1982ರಿಂದ ಎಣಿಸುತ್ತಾ ಬಂದಿದೆ. ನಗರದ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರನ್ನು ಹಿಂದೆ ಹಾಕಿ ಸ್ತನದ ಕ್ಯಾನ್ಸರ್ ಮೊದಲ ಸ್ಥಾನಕ್ಕೆ ಬಂದದ್ದನ್ನು ಅದು ದಾಖಲಿಸಿದೆ. ಹಾಗಿದ್ದೂ ಒಂದೇ ವಯಸ್ಸಿನವರನ್ನು ಹೋಲಿಸಿದರೆ ಭಾರತದಲ್ಲಿ ಸ್ತನ ಕ್ಯಾನ್ಸರ್ ಅಮೆರಿಕದ ಮೂರನೇ ಒಂದರಷ್ಟು. ಬುನಾದಿ ಚಿಕ್ಕದಾದರೆ ಅದರ ಶೇ. 26 ಕೂಡ ಚಿಕ್ಕದೇ. ಹೃದಯದ ಕತೆ ತಿರುಗುಮುರುಗು: ನಮ್ಮಲ್ಲಿ ಶುಗರ್, ಬಿಪಿ ಬೇಗ ಬರುತ್ತವೆ, ಹೃದಯಾಘಾತವೂ ಬೇಗ. ಮುಟ್ಟು ನಿಲ್ಲುವುದೂ ಬೇಗ, ಸರಾಸರಿ 46, 47ಕ್ಕೆ. 'ಅಪಾಯ ಎಷ್ಟು?' ಎಂದು ಕೇಳಿದರೆ ಡಾಕ್ಟರು 'ಯಾರಿಗೆ?' ಎಂದು ಮರುಪ್ರಶ್ನೆ ಹಾಕಬೇಕು. 'ತಗೊಳ್ಳದಿದ್ದರೆ ಏನಾಗುತ್ತದೆ?' ಎಂಬುದನ್ನೂ ಹೇಳಬೇಕು, ಯಾಕೆಂದರೆ ಸುಮ್ಮನಿರುವುದಕ್ಕೂ ಒಂದು ಬೆಲೆ ಇದೆ. ಝಳ ನಾಲ್ಕು ದಿನದಲ್ಲಿ ಹೋಗುವುದಿಲ್ಲ. ಅಮೆರಿಕದ ಅಧ್ಯಯನವೊಂದರಲ್ಲಿ ಅರ್ಧದಷ್ಟು ಹೆಂಗಸರಿಗೆ ಅದು ಏಳು ವರ್ಷಕ್ಕೂ ಮಿಕ್ಕಿ ಉಳಿದಿತ್ತು.

ಒಂದು ವಿಚಿತ್ರ ನೋಡಿ. ಋತುಬಂಧದ ಹಾರ್ಮೋನು ಎಂದರೆ ಬೆಚ್ಚಿಬೀಳುವ ನಮ್ಮ ಮನೆಗಳಲ್ಲೇ, ಮದುವೆ ಬಂತು, ಸತ್ಯನಾರಾಯಣ ಪೂಜೆ ಬಂತು, ತಿರುಪತಿಗೆ ಹೊರಟರು ಎಂದರೆ ಮುಟ್ಟು ಮುಂದೂಡುವ ಮಾತ್ರೆಗೆ ಮೆಡಿಕಲ್ ಶಾಪಿಗೆ ಮಗನನ್ನು ಓಡಿಸುತ್ತೇವೆ. ಚೀಟಿ ಕೇಳುವವರಿಲ್ಲ. ಅದೂ ಹಾರ್ಮೋನೇ, ನಾರೆತಿಸ್ಟೆರಾನ್. ದಿನಕ್ಕೆ ಮೂರು ಹೊತ್ತು ನುಂಗುವ ಪ್ರಮಾಣದಲ್ಲಿ ಅದರ ಸ್ವಲ್ಪ ಭಾಗ ಮೈಯೊಳಗೆ ಈಸ್ಟ್ರೋಜನ್ ಆಗಿ ಬದಲಾಗುತ್ತದೆ, ಗರ್ಭನಿರೋಧಕ ಮಾತ್ರೆಯಲ್ಲಿ ಇರುವಷ್ಟರ ಹತ್ತಿರ ಹತ್ತಿರ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಹಿಂದೆ ರಕ್ತ ಹೆಪ್ಪುಗಟ್ಟಿದ್ದವಳಿಗೆ ಆಗಬಹುದು, ಅದನ್ನು ಕೌಂಟರಿನ ಹುಡುಗ ಕೇಳುವುದಿಲ್ಲ.

ಈಗ ನನಗೆ ನಿಜವಾಗಿ ಸಿಟ್ಟು ತರಿಸುವ ವಿಷಯ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಮೂವರು ಗರ್ಭಕೋಶ ತೆಗೆಸಿಕೊಂಡಿದ್ದಾರೆ, ಮೂರರಲ್ಲಿ ಎರಡು ಪಾಲು ಆಪರೇಶನ್ ಖಾಸಗಿ ಆಸ್ಪತ್ರೆಗಳಲ್ಲಿ. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿ ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಸಣ್ಣ ವಯಸ್ಸಿನವರಿಗೆ, ತೆಗೆಸದಿದ್ದರೆ ಕ್ಯಾನ್ಸರ್ ಎಂದು ಹೆದರಿಸಿ ಆಪರೇಶನ್ ಮಾಡಿದ ದೂರುಗಳು 2015ರ ಹೊತ್ತಿಗೆ ಬೀದಿಗೆ ಬಂದವು, ಸರ್ಕಾರ ತನಿಖೆ ನಡೆಸಿತು. ಬಿಹಾರ, ಛತ್ತೀಸಗಡ, ರಾಜಸ್ಥಾನದ ಇಂಥದ್ದೇ ದೂರುಗಳ ಮೇಲೆ ಸುಪ್ರೀಂ ಕೋರ್ಟು 2023ರ ಏಪ್ರಿಲಿನಲ್ಲಿ ಎಲ್ಲ ರಾಜ್ಯಗಳಿಗೂ ಮಾರ್ಗಸೂಚಿ ಪಾಲಿಸಲು ಹೇಳಿದೆ. ಆಪರೇಶನ್ ಬಗ್ಗೆ ಇಷ್ಟಾದರೂ ಮಾತು ನಡೆಯಿತು. ಆಮೇಲಿನದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದರೆ 35ರ ಹೆಣ್ಣಿಗೆ ಒಂದೇ ದಿನದಲ್ಲಿ ಋತುಬಂಧ. ಹತ್ತು ಹದಿನೈದು ವರ್ಷ ಸಿಗಬೇಕಾಗಿದ್ದ ಈಸ್ಟ್ರೋಜನ್ ಇಲ್ಲ. ಅಮೆರಿಕದ ಮಿನೆಸೋಟಾದಲ್ಲಿ ಇಂಥ ಹೆಂಗಸರನ್ನು ದಶಕಗಟ್ಟಲೆ ಹಿಂಬಾಲಿಸಿ ನೋಡಿದ್ದಾರೆ. 45ರೊಳಗೆ ಎರಡೂ ಅಂಡಾಶಯ ಕಳೆದುಕೊಂಡು ಈಸ್ಟ್ರೋಜನ್ ತಗೊಳ್ಳದವರಲ್ಲಿ ಸಾವು ಹೆಚ್ಚು. ಮೂಳೆ ಸವೆಯುತ್ತದೆ, ಹೃದಯ ಬೇಗ ಕೆಡುತ್ತದೆ. ಅಡ್ಡಿಯಾಗುವ ಬೇರೆ ಕಾಯಿಲೆ ಇಲ್ಲದಿದ್ದರೆ ಇಂಥವರಿಗೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನು ಕೊಡಬೇಕು ಎನ್ನುವುದರಲ್ಲಿ ಪ್ರಮುಖ ಮಾರ್ಗಸೂಚಿಗಳಿಗೆ ಭಿನ್ನಾಭಿಪ್ರಾಯವಿಲ್ಲ. 63ರ ಅಮೆರಿಕದವಳ ಅಂಕಿ ತೋರಿಸಿ 35ರ ಇವಳಿಗೆ 'ಬೇಡ' ಎನ್ನುವ ಡಾಕ್ಟರು ಅಪಾಯ ತಪ್ಪಿಸುತ್ತಿಲ್ಲ, ಅಪಾಯ ಹೊರಿಸುತ್ತಿದ್ದಾರೆ.

ಡಾಕ್ಟರು ಜಾಣರೇ ಆಗಿದ್ದರೂ ತೀರ್ಮಾನ ಯಾರದ್ದು? ಇದಕ್ಕೆ ನಮ್ಮ ಸುಪ್ರೀಂ ಕೋರ್ಟೇ 2008ರ ಜನವರಿ 16ರಂದು ಉತ್ತರ ಕೊಟ್ಟಿದೆ. ದೆಹಲಿಯ 44ರ ಅವಿವಾಹಿತ ಮಹಿಳೆ 1995ರಲ್ಲಿ ಹೆಚ್ಚು ದಿನ ಮುಟ್ಟು ಹೋಗುತ್ತದೆಂದು ಆಸ್ಪತ್ರೆಗೆ ಹೋದರು. ದುರ್ಬೀನಿನಿಂದ ಪರೀಕ್ಷೆ ಮಾಡಲು ಒಪ್ಪಿ ಸಹಿ ಹಾಕಿದರು. ಅವರು ಅರಿವಳಿಕೆಯಲ್ಲಿ ಮಲಗಿದ್ದಾಗ, ಹೊರಗೆ ಕೂತಿದ್ದ ವಯಸ್ಸಾದ ತಾಯಿಯ ಸಹಿ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಬಿಟ್ಟರು. ಡಾಕ್ಟರ ಉದ್ದೇಶ ಕೆಟ್ಟದ್ದಲ್ಲ ಎಂದು ಕೋರ್ಟು ಒಪ್ಪಿತು. ಆದರೂ ಜೀವಕ್ಕೆ ಕುತ್ತು ಇಲ್ಲದಿರುವಾಗ, ಎಚ್ಚರವಾದ ಮೇಲೆ ಅವಳನ್ನೇ ಕೇಳಬಹುದಾಗಿದ್ದಾಗ, ಪರೀಕ್ಷೆಗೆ ಕೊಟ್ಟ ಒಪ್ಪಿಗೆಯನ್ನು ಚಿಕಿತ್ಸೆಗೆ ಬಳಸುವಂತಿಲ್ಲ, ತಾಯಿಯ ಸಹಿ ಮಗಳ ಸಹಿಯಾಗುವುದಿಲ್ಲ ಎಂದು ತೀರ್ಪು ಬರೆಯಿತು. ಪರಿಹಾರ ಬರೀ 25,000 ರೂಪಾಯಿ ಎಂಬುದು ಬೇರೆ ಮಾತು. ಗಂಡನ ಸಹಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಡಾಕ್ಟರು ನಿಮ್ಮ ಕಾಯಿಲೆಯ ಬಗ್ಗೆ ನಿಮ್ಮ ಯಜಮಾನರ ಮುಖ ನೋಡಿಕೊಂಡು ವಿವರಿಸುತ್ತಿದ್ದರೆ, ಅದನ್ನೂ ಅವರ ಅಂಕಪಟ್ಟಿಯಲ್ಲಿ ಗುರುತು ಹಾಕಿಕೊಳ್ಳಿ. ಒಂದೇ ಲೆಕ್ಕವನ್ನು ಸರಿಯಾಗಿ ಓದಿಯೂ ಇಬ್ಬರು ಹೆಂಗಸರು ಬೇರೆ ಬೇರೆ ತೀರ್ಮಾನಕ್ಕೆ ಬರಬಹುದು. ತಾಯಿ ಸ್ತನ ಕ್ಯಾನ್ಸರಿನಲ್ಲಿ ನರಳಿದ್ದನ್ನು ನೋಡಿದವಳಿಗೆ ಐವತ್ತರಲ್ಲೊಂದು ಬಹಳ ದೊಡ್ಡದು. ರಾತ್ರಿ ನಿದ್ದೆಯಿಲ್ಲದೆ ಬೆಳಿಗ್ಗೆ ಬಸ್ಸು ಓಡಿಸಬೇಕಾದವಳಿಗೆ ನಿದ್ದೆಯೇ ದೊಡ್ಡದು. ಲೆಕ್ಕದ ಮೇಷ್ಟರಿಗೆ ಅಲ್ಲಿ ಕೆಲಸವಿಲ್ಲ.

ಕೊನೆಗೊಂದು ಕೆಲಸದ ಮಾತು. ನಿಮ್ಮಲ್ಲಿ ಗರ್ಭಕೋಶ ತೆಗೆಸಿಕೊಂಡವರು ಇದ್ದರೆ, ಅಂಡಾಶಯ ಉಳಿಸಿದ್ದಾರೋ ತೆಗೆದಿದ್ದಾರೋ ನಿಮಗೆ ಗೊತ್ತೆ? ಬಹಳ ಮಂದಿಗೆ ಗೊತ್ತಿರುವುದಿಲ್ಲ. ಮನೆಗೆ ಹೋದ ಮೇಲೆ ಡಿಸ್ಚಾರ್ಜ್ ಸಮ್ಮರಿ ಹುಡುಕಿ, ಬಯಾಪ್ಸಿ ವರದಿ ಹುಡುಕಿ. ಸಿಗದಿದ್ದರೆ ಆಸ್ಪತ್ರೆಗೆ ಹೋಗಿ ಕೇಳಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು, ಚಿಕಿತ್ಸೆ ಶುರುವಾದಂದಿನಿಂದ ಮೂರು ವರ್ಷವಾದರೂ ಕಾದಿಡಬೇಕು ಎಂದು ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳುತ್ತದೆ. ಮೂರು ವರ್ಷ ದಾಟಿದ್ದರೆ ಇಟ್ಟಿರುತ್ತಾರೆಂಬ ಖಾತ್ರಿಯಿಲ್ಲ, ಆದರೂ ಕೇಳುವುದಕ್ಕೆ ಖರ್ಚಿಲ್ಲ. ಅದೂ ಇಲ್ಲದಿದ್ದರೆ ಸ್ಕ್ಯಾನಿಂಗ್ ಮಾಡಿಸಿ ನೋಡಬಹುದು. ಆ ಕಾಗದ ಹಿಡಿದುಕೊಂಡು, ಆಪರೇಶನ್ ಆದಾಗಿನ ನಿಮ್ಮ ವಯಸ್ಸನ್ನು ಅದರ ಮೇಲೆ ಬರೆದುಕೊಂಡು, ಡಾಕ್ಟರ ಹತ್ತಿರ ಹೋಗಿ.